ಬೆಳಗಾವಿಯ ಹಳ್ಳಿ ಹೆರಿಗೆಗಳೂ ಹೊಟ್ಟೆಹುಣ್ಣಿನ ಗುಳಿಗೆಯೂ

2002ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಅದನ್ನು ರೂಪಿಸಿದವರು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಮತ್ತು ಅಮೆರಿಕದ ಅವರ ಸಹೋದ್ಯೋಗಿಗಳು. ನಡೆಸಿಕೊಟ್ಟವರು 25 ಮಂದಿ ಎಎನ್‌ಎಂಗಳು, ಅಂದರೆ ಊರವರು ಸಿಸ್ಟರ್ ಎಂದೋ ನರ್ಸಮ್ಮ ಎಂದೋ ಕರೆಯುವ ಆರೋಗ್ಯ ಸಹಾಯಕಿಯರು. ಹೆರಿಗೆ ಆಗುತ್ತಿದ್ದುದು ಮನೆಯಲ್ಲಿ, ಇಲ್ಲವೇ ಹಳ್ಳಿಯ ಉಪಕೇಂದ್ರದಲ್ಲಿ. ಡಾಕ್ಟರು ಹತ್ತಿರದಲ್ಲಿ ಇರುತ್ತಿರಲಿಲ್ಲ, ರಕ್ತನಿಧಿಯಂತೂ ದೂರದ ಮಾತು. ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಿಸ್ಟರ್ ತಾಯಿಗೆ ನುಂಗಲು ಗುಳಿಗೆ ಕೊಡುತ್ತಿದ್ದರು. ಅದರಲ್ಲಿ ಔಷಧವಿದೆಯೋ ಇಲ್ಲವೋ ಎಂಬುದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡವರಿಗೂ ಗೊತ್ತಿರಲಿಲ್ಲ.

ಔಷಧದ ಹೆಸರು ಮಿಸೊಪ್ರೊಸ್ಟಾಲ್. ಅಮೆರಿಕದ ಔಷಧ ಕಂಪನಿಯೊಂದು ಹೊಟ್ಟೆಹುಣ್ಣಿಗೆಂದು ತಯಾರಿಸಿದ ಗುಳಿಗೆ ಇದು. ಹೆರಿಗೆಗೂ ಇದಕ್ಕೂ ಮೂಲದಲ್ಲಿ ಸಂಬಂಧವೇ ಇರಲಿಲ್ಲ. ಅದು ಬೆಳಗಾವಿಯ ಬಾಣಂತಿಯರ ಕೈಗೆ ಬಂದ ದಾರಿ ಉದ್ದವಾದದ್ದು. ಆ ದಾರಿಯಲ್ಲಿ ಜೀವ ಉಳಿದ ಕತೆಗಳಿವೆ, ತಪ್ಪು ಬಳಕೆಯಿಂದ ಜೀವಕ್ಕೆ ಎರವಾದ ಕತೆಗಳೂ ಇವೆ.

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿಕೊಂಡ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಗರ್ಭಕೋಶದ ಸ್ನಾಯು ಬಿಗಿಯಾಗಿ ಮುದುಡಿ ಆ ನಾಳಗಳನ್ನು ಹಿಸುಕಿದರೆ ಮಾತ್ರ ರಕ್ತ ನಿಲ್ಲುತ್ತದೆ. ಸ್ನಾಯು ಸೋತು ಸಡಿಲವಾಗಿಯೇ ಉಳಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಮೊದಲೇ ರಕ್ತಹೀನತೆಯಿಂದ ಬಳಲುವ ಹೆಣ್ಣಿಗೆ ಅಷ್ಟು ಹೊತ್ತೂ ಸಿಗುವುದಿಲ್ಲ. ಕರ್ನಾಟಕದ ಹೆಂಗಸರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆ ಕಾಲದಲ್ಲಿ ದಾಖಲಿಸಿತ್ತು. 2001–03ರ ಲೆಕ್ಕದಂತೆ ರಾಜ್ಯದಲ್ಲಿ ಪ್ರತಿ 1 ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು.

ಊರಿನ ಸೂಲಗಿತ್ತಿಯರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅವರಂಥವರ ಕೈಗುಣಕ್ಕೆ ಬೆಲೆ ಕಟ್ಟಲಾಗದು. ಆದರೂ ಸಡಿಲವಾದ ಗರ್ಭಕೋಶವನ್ನು ಕೈಯಿಂದ ನೀವಿ ಗಟ್ಟಿ ಮಾಡುವುದಕ್ಕೂ ಒಂದು ಮಿತಿಯಿದೆ. ಅದರಾಚೆಗೆ ಔಷಧವೇ ಬೇಕು.

ಔಷಧ ಇರಲಿಲ್ಲವೆಂದಲ್ಲ. ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಆಗಲೂ ಇತ್ತು, ಇವತ್ತಿಗೂ ಅದೇ ಮೊದಲ ಆಯ್ಕೆ. ಅದಕ್ಕೆ 2ರಿಂದ 8 ಡಿಗ್ರಿಯ ತಂಪು ಬೇಕು, ಶುದ್ಧವಾದ ಸಿರಿಂಜು ಬೇಕು, ಚುಚ್ಚಲು ತರಬೇತಿಯಾದ ಕೈ ಬೇಕು. ಕರೆಂಟು ಬಂದು ಹೋಗುವ ಊರಿನಲ್ಲಿ, ನಡುರಾತ್ರಿ ಮನೆಯೊಳಗೆ ಆಗುವ ಹೆರಿಗೆಯಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಬಾಯಿಯಿಂದ ನುಂಗುವ, ತಂಪು ಕೇಳದ, ಅಗ್ಗದ ಔಷಧವೊಂದು ಇದ್ದರೆ ಎಂಬ ಹುಡುಕಾಟ ಶುರುವಾದದ್ದು ಇಲ್ಲಿಂದ.

ಮಿಸೊಪ್ರೊಸ್ಟಾಲ್ ಸೇರುವುದು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳ ಕುಟುಂಬಕ್ಕೆ. ಅವುಗಳ ಕತೆ 1930ರ ನ್ಯೂಯಾರ್ಕಿನಿಂದ ಆರಂಭವಾಗುತ್ತದೆ. ಕುರ್ಜ್ರಾಕ್ ಮತ್ತು ಲೀಬ್ ಎಂಬ ಇಬ್ಬರು ವೈದ್ಯರು, ಮನುಷ್ಯನ ವೀರ್ಯ ತಾಗಿದರೆ ಗರ್ಭಕೋಶದ ಸ್ನಾಯು ಒಮ್ಮೆ ಮುದುಡುವುದನ್ನೂ ಒಮ್ಮೆ ಸಡಿಲಾಗುವುದನ್ನೂ ಗಮನಿಸಿದರು. ಕೆಲವು ವರ್ಷಗಳಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಆ ವಸ್ತುವಿಗೆ ಪ್ರೊಸ್ಟಗ್ಲಾಂಡಿನ್ ಎಂದು ಹೆಸರಿಟ್ಟರು. ಅದು ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ಆಗಿನ ನಂಬಿಕೆ. ದೇಹದ ಬಹುತೇಕ ಎಲ್ಲ ಅಂಗಾಂಶಗಳೂ ಅದನ್ನು ತಯಾರಿಸುತ್ತವೆಂದು ತಿಳಿದದ್ದು ಆಮೇಲೆ. ಜೀವಕೋಶ ಇದನ್ನು ಕೂಡಿಟ್ಟುಕೊಳ್ಳುವುದಿಲ್ಲ. ಬೇಕಾದಾಗ ತನ್ನ ಪೊರೆಯ ಕೊಬ್ಬಿನಿಂದಲೇ ಮಾಡಿಕೊಳ್ಳುತ್ತದೆ. ರಕ್ತಕ್ಕೆ ಸೇರಿದ್ದರಲ್ಲಿ ಬಹುಪಾಲನ್ನು ಶ್ವಾಸಕೋಶ ಒಂದೇ ಸುತ್ತಿನಲ್ಲಿ ನಾಶ ಮಾಡಿಬಿಡುತ್ತದೆ. ಇಷ್ಟು ಅಲ್ಪಾಯುಷಿಯಾದ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಲು ಸೂನೆ ಬೆರ್ಗ್‌ಸ್ಟ್ರೋಮ್‌ಗೆ 1950ರ ದಶಕದ ಕೊನೆಯವರೆಗೆ ಬೇಕಾಯಿತು. ಅವರ ಶಿಷ್ಯ ಬೆಂಟ್ ಸಾಮ್ಯುಯೆಲ್ಸನ್ ಆ ಕೆಲಸ ಮುಂದುವರಿಸಿದರು. 1971ರಲ್ಲಿ ಬ್ರಿಟನ್ನಿನ ಜಾನ್ ವೇನ್, ಆಸ್ಪಿರಿನ್ ನೋವು ಕಳೆಯುವುದು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುವುದರಿಂದಲೇ ಎಂದು ತೋರಿಸಿದರು. ಮೂವರಿಗೂ 1982ರಲ್ಲಿ ನೊಬೆಲ್ ಬಂತು.

ಹೆರಿಗೆಯಲ್ಲಿ ಇದರ ಮೊದಲ ಮುಖ್ಯ ಬಳಕೆ ಆದದ್ದು ಆಫ್ರಿಕಾದಲ್ಲಿ. ಉಗಾಂಡಾದ ಕಂಪಾಲಾದಲ್ಲಿ, ಮಕೆರೆರೆ ವಿಶ್ವವಿದ್ಯಾಲಯದ ಸುಲ್ತಾನ್ ಕರೀಂ ಮತ್ತು ಸಂಗಡಿಗರು ಪ್ರೊಸ್ಟಗ್ಲಾಂಡಿನ್ ಕೊಟ್ಟು ಹೆರಿಗೆ ನೋವು ಬರಿಸಿದ್ದನ್ನು 1968ರಲ್ಲಿ ಪ್ರಕಟಿಸಿದರು. ಮರುವರ್ಷ ಹಾರ್ವರ್ಡಿನ ಇ.ಜೆ. ಕೋರಿ ಅದನ್ನು ಪ್ರಯೋಗಾಲಯದಲ್ಲೇ ಸಂಶ್ಲೇಷಿಸುವ ದಾರಿ ತೋರಿಸಿದರು. ಪ್ರಾಣಿಗಳ ಗ್ರಂಥಿಗಳನ್ನು ಅರೆದು ಮಿಲಿಗ್ರಾಂ ಲೆಕ್ಕದಲ್ಲಿ ತೆಗೆಯುತ್ತಿದ್ದ ವಸ್ತು ಆ ನಂತರ ಕಾರ್ಖಾನೆಗೆ ಬಂತು.

ಅಮೆರಿಕದ ಸರ್ಲ್ ಎಂಬ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞರ ಗುರಿ ಮಾತ್ರ ಬೇರೆ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಪ್ರೊಸ್ಟಗ್ಲಾಂಡಿನ್‌ಗಳ ಕೆಲಸ. ಸಂಧಿವಾತಕ್ಕೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವವರಲ್ಲಿ ಆ ರಕ್ಷಣೆ ತಪ್ಪಿ ಹುಣ್ಣಾಗುತ್ತದೆ. 1973ರಲ್ಲಿ ಅವರು ಅಣುವಿನ ಒಂದು ಭಾಗವನ್ನು ಪಕ್ಕಕ್ಕೆ ಸರಿಸಿ, ಬಾಯಿಯಿಂದ ಕೊಟ್ಟರೂ ಕೆಲಸ ಮಾಡುವ ಮಿಸೊಪ್ರೊಸ್ಟಾಲ್ ತಯಾರಿಸಿದರು. 1988ರಲ್ಲಿ ಅಮೆರಿಕದಲ್ಲಿ ಹುಣ್ಣು ತಡೆಯಲು ಅನುಮತಿ ಸಿಕ್ಕಿತು. ಬಸುರಿಯರು ಇದನ್ನು ತೆಗೆದುಕೊಳ್ಳಬಾರದೆಂಬ ಎಚ್ಚರಿಕೆ ಜೊತೆಗೇ ಇತ್ತು, ಏಕೆಂದರೆ ಅದು ಗರ್ಭಕೋಶವನ್ನೂ ಕುಗ್ಗಿಸುತ್ತಿತ್ತು.

ಆ ಎಚ್ಚರಿಕೆಯ ಇನ್ನೊಂದು ಅರ್ಥವನ್ನು ಬ್ರೆಜಿಲ್ ದೇಶದ ಹೆಂಗಸರು 1980ರ ದಶಕದ ಕೊನೆಯಲ್ಲಿ ಕಂಡುಕೊಂಡರು. ಗರ್ಭಪಾತಕ್ಕೆ ಕಾನೂನಿನ ದಾರಿ ಮುಚ್ಚಿದ್ದ ಆ ದೇಶದಲ್ಲಿ ಔಷಧದಂಗಡಿಯ ಈ ಗುಳಿಗೆ ಬಾಯಿಂದ ಬಾಯಿಗೆ ಹಬ್ಬಿತು. ಕಡ್ಡಿ, ಕೊಳಕು ಉಪಕರಣಗಳಿಂದ ಮಾಡಿಸಿಕೊಳ್ಳುತ್ತಿದ್ದ ಗರ್ಭಪಾತಕ್ಕಿಂತ ಇದರ ಅಪಾಯ ಕಡಿಮೆಯಿತ್ತೆಂದು ವೈದ್ಯರು ಗಮನಿಸಿದರು. ಅದೇ ಹೊತ್ತಿಗೆ, ಪ್ರಮಾಣ ಗೊತ್ತಿಲ್ಲದೆ ತೆಗೆದುಕೊಂಡು ಗರ್ಭ ಉಳಿದ ಪ್ರಕರಣಗಳಲ್ಲಿ ಕೆಲವು ಮಕ್ಕಳಿಗೆ ಮುಖದ ನರಗಳ ದೋಷ, ಕೈಕಾಲುಗಳ ಊನ ಕಾಣಿಸಿತು. ಈ ಔಷಧ ತೆಗೆದುಕೊಂಡ ಮೇಲೆ ಗರ್ಭವನ್ನು ಹಾಗೆಯೇ ಮುಂದುವರಿಸಬಾರದು, ವೈದ್ಯರಿಂದ ಮರುತಪಾಸಣೆ ಆಗಲೇಬೇಕು ಎಂಬ ನಿಯಮದ ಹಿಂದೆ ಇರುವುದು ಈ ಕಹಿ ಅನುಭವ.

ಬೆಳಗಾವಿಯವರು ಕೈಗೆತ್ತಿಕೊಂಡ ಪ್ರಶ್ನೆ ಇದಕ್ಕಿಂತ ಬೇರೆ. ಮಗು ಹುಟ್ಟಿದ ಮೇಲೆ, ಗರ್ಭಕೋಶ ಮುದುಡುವುದೇ ಬೇಕಾಗಿರುವ ಗಳಿಗೆಯಲ್ಲಿ ಈ ಗುಳಿಗೆ ಕೊಟ್ಟರೆ ಹೇಗೆ? ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ 18,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆಸಿದ ದೊಡ್ಡ ಅಧ್ಯಯನ 2001ರಲ್ಲಿ ಬಂದಿತ್ತು. ಮಿಸೊಪ್ರೊಸ್ಟಾಲ್‌ಗಿಂತ ಆಕ್ಸಿಟೋಸಿನ್ ಮೇಲು ಎಂದು ಅದು ಹೇಳಿತು. ಚುಚ್ಚುಮದ್ದು ಸಿಗುವ ಕಡೆ ಚರ್ಚೆ ಅಲ್ಲಿಗೆ ಮುಗಿಯಿತು. ಚುಚ್ಚುಮದ್ದೇ ತಲುಪದ ಕಡೆಗೆ ಉತ್ತರ ಇನ್ನೂ ಬಾಕಿಯಿತ್ತು.

ರಿಚರ್ಡ್ ಡರ್ಮನ್, ಭಾಲಚಂದ್ರ ಕೊಡಕಣಿ, ಶಿವಪ್ರಸಾದ ಗೌಡರ, ಸ್ಟೇಸಿ ಗೆಲ್ಲರ್, ವಿಜಯಾ ನಾಯಿಕ, ಮೃತ್ಯುಂಜಯ ಬೆಲ್ಲದ ಮುಂತಾದವರ ತಂಡಕ್ಕೆ ಮೊದಲು ಎದುರಾದದ್ದು ಅಳತೆಯ ತೊಡಕು. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜಿನಲ್ಲೇ ಹೇಳುವ ರೂಢಿ. ಸೀರೆಗೆ, ಗೋಣಿಗೆ, ನೆಲಕ್ಕೆ ಹೀರಿಹೋದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ತಂಡ ಇದಕ್ಕೊಂದು ಸರಳವಾದ ಸಾಧನ ಮಾಡಿಕೊಂಡಿತು. ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಕೆಳಗೆ ಕಿರಿದಾಗುತ್ತ ಹೋಗುವ ಚೀಲ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಮಗು ಹುಟ್ಟಿದ ಕೂಡಲೇ ಹಾಳೆಯನ್ನು ತಾಯಿಯ ಕೆಳಗೆ ಸರಿಸಿ, ಅದರ ಪಟ್ಟಿಯನ್ನು ಹೊಟ್ಟೆಗೆ ಸಡಿಲವಾಗಿ ಕಟ್ಟಿದರೆ ರಕ್ತವೆಲ್ಲ ಚೀಲಕ್ಕೆ ಇಳಿಯುತ್ತದೆ. ಸಿಸ್ಟರ್ ಬಗ್ಗಿ ಗೆರೆ ಓದಿದರೆ ಸಾಕು. ಇದನ್ನು ರೂಪಿಸಿದ ಸಹೋದ್ಯೋಗಿಗಳ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಬ್ರಾಸ್–ವಿ ಡ್ರೇಪ್ ಎಂದು ಕರೆದರು. ಹಾಳೆಯ ಅಳತೆಗೂ ಕಣ್ಣಂದಾಜಿಗೂ ತಾಳೆ ನೋಡಿದಾಗ, ಅಂದಾಜು ಶೇ 33ರಷ್ಟು ಕಡಿಮೆ ತೋರಿಸುತ್ತಿತ್ತು. ಮೂರರಲ್ಲೊಂದು ಪಾಲು ರಕ್ತ ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತು ಎಂದಾಯಿತು.

ಪ್ರಯೋಗ 2005ರ ಡಿಸೆಂಬರ್‌ವರೆಗೆ ನಡೆಯಿತು. ಒಟ್ಟು 1,620 ತಾಯಂದಿರಲ್ಲಿ 812 ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ಔಷಧವಿಲ್ಲದ ಹುಸಿ ಗುಳಿಗೆ. ಫಲಿತಾಂಶ 2006ರ ಅಕ್ಟೋಬರ್‌ನಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆರಿಗೆಯಾದ ಎರಡು ಗಂಟೆಯೊಳಗೆ ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಕಳೆದುಕೊಂಡವರು ಹುಸಿ ಗುಳಿಗೆಯವರಲ್ಲಿ ಶೇ 12, ಔಷಧ ಪಡೆದವರಲ್ಲಿ ಶೇ 6.4. ಪ್ರಾಣಾಪಾಯದ ಮಟ್ಟದ ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿದಿತ್ತು. 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತಿತ್ತು. ಔಷಧ ಪಡೆದವರಿಗೆ ಚಳಿ, ನಡುಕ, ಜ್ವರ ಹೆಚ್ಚಾಗಿ ಬಂದವು, ಬಂದು ಹೋದವು.

ಅರ್ಧದಷ್ಟು ಜನರಿಗೆ ಹುಸಿ ಗುಳಿಗೆ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ಗಂಭೀರವಾದದ್ದು. ಈ ಮಟ್ಟದ ಹೆರಿಗೆಗಳಲ್ಲಿ ಗರ್ಭಕೋಶ ಕುಗ್ಗಿಸುವ ಯಾವ ಔಷಧವೂ ಆಗ ವಾಡಿಕೆಯಲ್ಲಿರಲಿಲ್ಲ ಎಂಬುದು ತಂಡದ ಸಮರ್ಥನೆ. ಗಮನಿಸಬೇಕಾದ ಇನ್ನೊಂದು ಸಂಗತಿಯೂ ದಾಖಲೆಯಲ್ಲಿದೆ. ಪ್ರಯೋಗ ಮುಂದುವರಿದಂತೆ ಹುಸಿ ಗುಳಿಗೆಯ ಗುಂಪಿನಲ್ಲೂ ರಕ್ತಸ್ರಾವದ ಪ್ರಮಾಣ ಇಳಿಯುತ್ತ ಬಂತು. ಸಿಸ್ಟರ್‌ಗಳಿಗೆ ಸಿಕ್ಕ ತರಬೇತಿ, ಹೆರಿಗೆಯ ನಂತರವೂ ತಾಯಿಯ ಪಕ್ಕದಲ್ಲೇ ಕೂತು ಅಳತೆ ನೋಡುವ ಅಭ್ಯಾಸ, ಇವುಗಳ ಪಾಲೂ ಅದರಲ್ಲಿ ಇದ್ದಿರಬೇಕು.

ಪಾಕಿಸ್ತಾನದ ಚಿತ್ರಾಲ್ ಗುಡ್ಡಗಾಡಿನಲ್ಲಿ ಇದೇ ಗುಳಿಗೆಯನ್ನು ಸೂಲಗಿತ್ತಿಯರ ಕೈಗೇ ಕೊಟ್ಟು ನಡೆಸಿದ ಅಧ್ಯಯನವೂ ರಕ್ತಸ್ರಾವ ಕಡಿಮೆಯಾದದ್ದನ್ನು ತೋರಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ಬಾಣಂತಿ ರಕ್ತಸ್ರಾವ ತಡೆಯುವ ಔಷಧವಾಗಿ ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಮರುವರ್ಷದ ಮಾರ್ಗಸೂಚಿಯಲ್ಲಿ, ನುರಿತವರಿಲ್ಲದ ಕಡೆ ಸಮುದಾಯದ ಆರೋಗ್ಯ ಕಾರ್ಯಕರ್ತೆಯರೂ 600 ಮೈಕ್ರೊಗ್ರಾಂ ಕೊಡಬಹುದೆಂದು ಒಪ್ಪಿತು. ಭಾರತ ಸರ್ಕಾರ 2013ರಲ್ಲಿ, ಮನೆ ಹೆರಿಗೆ ಇನ್ನೂ ಹೆಚ್ಚಿರುವ ಪ್ರದೇಶಗಳಲ್ಲಿ ಇದನ್ನು ಹಂಚುವ ಮಾರ್ಗಸೂಚಿ ಹೊರಡಿಸಿತು.

ಇಷ್ಟಾಗಿಯೂ ಈ ಗುಳಿಗೆಗೆ ನಿರಪಾಯಕಾರಿ ಎಂಬ ಹಣೆಪಟ್ಟಿ ಅಂಟಿಸುವಂತಿಲ್ಲ. ಎಲ್ಲವೂ ನಿಂತಿರುವುದು ಪ್ರಮಾಣ ಮತ್ತು ಗಳಿಗೆಯ ಮೇಲೆ. ಮಗು ಹುಟ್ಟಿದ ಮೇಲೆ ರಕ್ತಸ್ರಾವ ತಡೆಯಲು 600 ಮೈಕ್ರೊಗ್ರಾಂ. ಮಗು ಹುಟ್ಟುವ ಮೊದಲು ನೋವು ಬರಿಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಂದು ಸಲಕ್ಕೆ 25 ಮೈಕ್ರೊಗ್ರಾಂ. ಎರಡರ ನಡುವೆ 24 ಪಟ್ಟು ಅಂತರ. ಬಾಣಂತಿಗೆ ಕೊಡಬೇಕಾದ ಪ್ರಮಾಣವನ್ನು ಮಗು ಒಳಗಿರುವಾಗಲೇ ಕೊಟ್ಟರೆ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಮಗುವಿಗೆ ಆಮ್ಲಜನಕ ತಪ್ಪುತ್ತದೆ, ಗರ್ಭಕೋಶವೇ ಸೀಳಬಹುದು. ಅದಕ್ಕೇ ಎಎನ್‌ಎಂಗಳ ತರಬೇತಿಯಲ್ಲಿ ಒಂದು ಸೂಚನೆಗೆ ಎಲ್ಲಕ್ಕಿಂತ ಹೆಚ್ಚು ಒತ್ತು: ಹೊಟ್ಟೆ ಮುಟ್ಟಿ ನೋಡಿ, ಒಳಗೆ ಇನ್ನೊಂದು ಮಗು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಗುಳಿಗೆ ಕೊಡಬೇಕು. ಅವಳಿಗಳಿದ್ದಾಗ ಮೊದಲ ಮಗು ಬಂದ ಕೂಡಲೇ ಕೊಟ್ಟುಬಿಟ್ಟರೆ ಎರಡನೆಯದರ ಜೀವಕ್ಕೇ ಕುತ್ತು.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದುದು ಹೊಟ್ಟೆಹುಣ್ಣಿಗೆಂದೇ ಮಾಡಿದ 200 ಮೈಕ್ರೊಗ್ರಾಂ ಗುಳಿಗೆ. ನೋವು ಬರಿಸಲು ಅದನ್ನು ಬ್ಲೇಡಿನಿಂದ ಎಂಟು ಚೂರು ಮಾಡುವ ಅಭ್ಯಾಸ ಅನೇಕ ದೇಶಗಳಲ್ಲಿತ್ತು. ಚೂರುಗಳಲ್ಲಿ ಔಷಧ ಸಮನಾಗಿ ಹಂಚಿಹೋಗುವುದಿಲ್ಲ. 25 ಮೈಕ್ರೊಗ್ರಾಂ ಗುಳಿಗೆಯೇ ಬಂದ ಮೇಲೆ ಈ ತೊಂದರೆಗೆ ಪರಿಹಾರ ಸಿಕ್ಕಿತು. ಸಿಸೇರಿಯನ್ ಆದವರ ಗರ್ಭಕೋಶದ ಹೊಲಿಗೆಯ ಗೆರೆ ಇನ್ನೂ ಸೂಕ್ಷ್ಮ. ಅಂಥವರಿಗೆ ಮುಂದಿನ ಹೆರಿಗೆಯ ನೋವು ಬರಿಸಲು ಮಿಸೊಪ್ರೊಸ್ಟಾಲ್ ಬಳಸಬಾರದೆಂದು ಅಮೆರಿಕದ ಪ್ರಸೂತಿತಜ್ಞರ ಸಂಘ 1999ರಲ್ಲೇ ಎಚ್ಚರಿಸಿತ್ತು. ತಯಾರಕ ಕಂಪನಿ 2000ದಲ್ಲಿ ಅಲ್ಲಿನ ವೈದ್ಯರಿಗೆ ಪತ್ರ ಬರೆದು, ಬಸುರಿಯರಿಗೆ ಇದನ್ನು ಕೊಡುವುದೇ ಬೇಡವೆಂದಿತು. 2002ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಹೆರಿಗೆಯಲ್ಲಿನ ಬಳಕೆಯನ್ನೂ ಗಮನಿಸಿ ಎಚ್ಚರಿಕೆಯ ಮಾತುಗಳನ್ನು ತಿದ್ದಿತು. ಅದೇ ವರ್ಷ ಬೆಳಗಾವಿಯಲ್ಲಿ ಪ್ರಯೋಗ ಶುರುವಾದದ್ದು. ಗುಳಿಗೆ ಒಂದೇ ಆದರೂ ಒಂದು ಗಳಿಗೆಯಲ್ಲಿ ನಿಷಿದ್ಧ, ಇನ್ನೊಂದು ಗಳಿಗೆಯಲ್ಲಿ ಆಪತ್ಕಾಲದ ನೆರವು.

ಇದಕ್ಕೆ ತಂಪು ಬೇಡವೆನ್ನುವುದು ನಿಜ, ತೇವವಂತೂ ಆಗದು. ಪಟ್ಟಿಯ ಹಾಳೆ ಹರಿದು ಡಬ್ಬಿಯಲ್ಲಿ ಹಾಕಿಟ್ಟ ಗುಳಿಗೆ ಮಳೆಗಾಲದ ಗಾಳಿಗೆ ಸತ್ವ ಕಳೆದುಕೊಳ್ಳುತ್ತದೆ.

ಇದೇ ಕುಟುಂಬದ ಬೇರೆ ಔಷಧಗಳಿಗೂ ಒಂದೊಂದು ಎಚ್ಚರಿಕೆ ಅಂಟಿಕೊಂಡಿದೆ. ರಕ್ತಸ್ರಾವ ನಿಲ್ಲದಿದ್ದಾಗ ಆಸ್ಪತ್ರೆಗಳಲ್ಲಿ ಚುಚ್ಚುವ ಕಾರ್ಬೊಪ್ರೊಸ್ಟ್ ಅನ್ನು ಫ್ರಿಜ್ಜಿನಲ್ಲಿಡಬೇಕು, ಅಸ್ತಮಾ ಇರುವವರಿಗೆ ಕೊಡಬಾರದು, ಏಕೆಂದರೆ ಅದು ಶ್ವಾಸನಾಳವನ್ನೂ ಹಿಸುಕುತ್ತದೆ. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷವಿದ್ದು, ಗರ್ಭದಲ್ಲಿದ್ದಾಗಿನ ಒಂದು ರಕ್ತನಾಳ ತೆರೆದಿರುವವರೆಗೆ ಮಾತ್ರ ಜೀವ. ಆ ನಾಳ ಮುಚ್ಚದಂತೆ ಶಸ್ತ್ರಚಿಕಿತ್ಸೆಯವರೆಗೆ ಕಾಯುವುದು ಆಲ್‌ಪ್ರೊಸ್ಟಡಿಲ್. ಅದು ಶಿಶುವಿನ ಉಸಿರನ್ನೇ ನಿಲ್ಲಿಸಬಲ್ಲದಾದ್ದರಿಂದ ಉಸಿರಾಟದ ಯಂತ್ರ ಪಕ್ಕದಲ್ಲೇ ಸಿದ್ಧವಿರಬೇಕು. ಗ್ಲಾಕೋಮಾಗೆ 1996ರಲ್ಲಿ ಬಂದ ಲ್ಯಾಟನೊಪ್ರೊಸ್ಟ್ ಹನಿ ಕಣ್ಣಿನ ಒತ್ತಡ ಇಳಿಸುತ್ತದೆ. ಕೆಲವರಲ್ಲಿ ಕಣ್ಣುಪಾಪೆಯ ಸುತ್ತಲಿನ ಬಣ್ಣ ಶಾಶ್ವತವಾಗಿ ಗಾಢವಾಗುತ್ತದೆ, ರೆಪ್ಪೆಗೂದಲು ದಟ್ಟವಾಗಿ ಬೆಳೆಯುತ್ತದೆ.

ಊರು ಬಿಟ್ಟು ಹೋದವರಿಗೆ ಈ ವಿವರಗಳು ಇನ್ನೂ ಮುಖ್ಯ. ಉದಾಹರಣೆಗೆ, ಕತಾರಿನ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ಬಹಳಷ್ಟು ಭಾರತೀಯ ಕುಟುಂಬಗಳಿವೆ. ಅಲ್ಲಿ ಎರಡನೆಯ ಮಗುವಿಗೆ ಕಾಯುತ್ತಿರುವ ಕನ್ನಡದ ಹೆಣ್ಣುಮಗಳ ಮೊದಲ ಹೆರಿಗೆ ತವರಿನಲ್ಲಿ, ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಸಿಸೇರಿಯನ್ ಆಗಿದ್ದರೆ, ಆ ಡಿಸ್ಚಾರ್ಜ್ ಕಾಗದ ದೋಹಾದ ವೈದ್ಯರ ಮೇಜಿನ ಮೇಲಿರಬೇಕು. ಯಾವ ಗೆರೆಯಲ್ಲಿ ಕೊಯ್ದರು, ಅಸ್ತಮಾ ಇದೆಯೇ, ಹಿಂದೆ ರಕ್ತಸ್ರಾವ ಆಗಿತ್ತೇ ಎಂಬುದರ ಮೇಲೆ ಔಷಧದ ಆಯ್ಕೆಯೇ ಬದಲಾಗುತ್ತದೆ. ಮನೆಯ ಹಿರಿಯರು ಲ್ಯಾಟನೊಪ್ರೊಸ್ಟ್ ಬಳಸುತ್ತಿದ್ದರೆ, ತೆರೆದ ಬಾಟಲಿಯನ್ನು 25 ಡಿಗ್ರಿಯೊಳಗಿನ ಜಾಗದಲ್ಲಿಟ್ಟು 6 ವಾರದಲ್ಲಿ ಮುಗಿಸಬೇಕು. ಕತಾರಿನ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಅದು ಕೆಲಸಕ್ಕೆ ಬಾರದು.

ಬೆಳಗಾವಿಯ ಪ್ರಯೋಗ ಮುಗಿಯುವ ಹೊತ್ತಿಗೆ ಕರ್ನಾಟಕದ ಹೆರಿಗೆಯ ಪದ್ಧತಿಯೇ ಬದಲಾಗತೊಡಗಿತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರಿಂದ 108 ಆಂಬುಲೆನ್ಸ್ ಓಡಿತು. 2005–06ರಲ್ಲಿ ರಾಜ್ಯದ ಸುಮಾರು ಶೇ 65 ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–21ರ ಹೊತ್ತಿಗೆ ಅದು ಶೇ 97 ಆಯಿತು. ತಾಯಂದಿರ ಸಾವಿನ ಪ್ರಮಾಣ 2018–20ರಲ್ಲಿ 69ಕ್ಕೆ ಇಳಿದಿತ್ತು. ಇದರ ಶ್ರೇಯ ಒಂದು ಗುಳಿಗೆಗೆ ಸಲ್ಲದು. ಆಸ್ಪತ್ರೆಯ ಹೆರಿಗೆ, ರಕ್ತ ಸಿಗುವ ವ್ಯವಸ್ಥೆ, ರಸ್ತೆ, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲವೂ ಸೇರಿ ಆದದ್ದು. ಹೀಗಿದ್ದೂ ಔಷಧದ ಸರಬರಾಜು ಒಂದೇ ಮೂಲವನ್ನು ನೆಚ್ಚಿದರೆ ಏನಾದೀತೆಂಬ ಆತಂಕ 2018ರಲ್ಲಿ ಎದ್ದಿತು. ಹಾಲು ಕರೆಯಲು ದನಗಳಿಗೆ ಚುಚ್ಚುತ್ತಾರೆಂಬ ಕಾರಣಕ್ಕೆ ಕೇಂದ್ರ ಸರ್ಕಾರ ಆಕ್ಸಿಟೋಸಿನ್ ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ಸಂಸ್ಥೆ ಕರ್ನಾಟಕ ಆಂಟಿಬಯಾಟಿಕ್ಸ್ ಒಂದಕ್ಕೇ ಸೀಮಿತಗೊಳಿಸಲು ಹೊರಟಿತು. ತಾಯಂದಿರ ಜೀವದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ದೆಹಲಿ ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು.

ರಕ್ತ ಅಳೆಯುವ ಹಾಳೆಯ ವಿಚಾರ ಈಗ ಜಗತ್ತಿನಾದ್ಯಂತ ಹರಡಿದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ಇ–ಮೋಟಿವ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಗೆರೆಗಳುಳ್ಳ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದ ಕಡೆ, ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ಶೇ 60ರಷ್ಟು ಕಡಿಮೆಯಾದವು.

ನಮ್ಮಲ್ಲಿ ಉಳಿದಿರುವ ದೊಡ್ಡ ಚಿಂತೆ ಔಷಧದಂಗಡಿಯ ಕಟ್ಟೆಯದು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರಲ್ಲಿ ಅದಕ್ಕಾದ ತಿದ್ದುಪಡಿ, ಇವೆಲ್ಲ ಇರುವ ದೇಶದಲ್ಲಿ ಹೆಣ್ಣು ಕದ್ದುಮುಚ್ಚಿ ಗುಳಿಗೆ ನುಂಗಬೇಕಾಗಿಲ್ಲ. ಮಿಫೆಪ್ರಿಸ್ಟೋನ್ ಜೊತೆಗೆ ಮಿಸೊಪ್ರೊಸ್ಟಾಲ್ ಕೊಡುವ ಗರ್ಭಪಾತದ ಪೊಟ್ಟಣವನ್ನು ಭಾರತದಲ್ಲಿ 9 ವಾರದೊಳಗಿನ ಗರ್ಭಕ್ಕೆ, ವೈದ್ಯರ ನಿಗಾದಲ್ಲಿ ಬಳಸಲು ಒಪ್ಪಲಾಗಿದೆ. ಚೀಟಿಯಿಲ್ಲದೆ ಕೊಂಡು, ಗರ್ಭ ನಳಿಕೆಯಲ್ಲಿ ನಿಂತಿರುವುದು ತಿಳಿಯದೆ ಅಥವಾ ಆ ಅವಧಿ ಮೀರಿದ ಮೇಲೆ ತೆಗೆದುಕೊಂಡು, ರಕ್ತ ಹರಿಯುತ್ತಿದ್ದರೂ ಹೇಳಿಕೊಳ್ಳಲಾಗದೆ ಮನೆಯಲ್ಲೇ ಕೂತವರು ಕೊನೆಗೆ ಆಸ್ಪತ್ರೆ ಸೇರುವುದು ಸಾಯುವ ಸ್ಥಿತಿಯಲ್ಲಿ. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಅದು ಸತತ ಎರಡು ಗಂಟೆ ಮುಂದುವರಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂಬ ಸರಳ ಸೂಚನೆಯನ್ನು ಗುಳಿಗೆ ಮಾರುವವರೂ ಹೇಳುವುದಿಲ್ಲ. ಹಳ್ಳಿಯ ಸಿಸ್ಟರ್‌ಗಳಿಗೆ ಪ್ರಮಾಣ, ಗಳಿಗೆ, ಅಪಾಯದ ಲಕ್ಷಣ ಕಲಿಸಿದ ಬೆಳಗಾವಿಯ ಶ್ರದ್ಧೆ ಇವತ್ತು ಪಟ್ಟಣದ ಔಷಧದಂಗಡಿಗಳಿಗೆ ತಲುಪಬೇಕಿದೆ. ಚೀಟಿ ಕೇಳುವ ಅಂಗಡಿಯವರು, ಹೆಣ್ಣನ್ನು ಗದರಿಸದೆ ಮಾತಾಡಿಸುವ ಸರ್ಕಾರಿ ಆಸ್ಪತ್ರೆ, ಯಾವಾಗ ಏನು ತೆಗೆದುಕೊಂಡಳೆಂದು ಬರೆದಿಡುವ ಒಂದು ಕಾರ್ಡು ಇದ್ದರೆ ಅದಕ್ಕೆ ಸಾಕು.